ಹತ್ತು ಮಿಲಿಗ್ರಾಂ: ಬಳಸುವ ವಿಧಾನ

ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಕ ಬರುತ್ತದೆ. ಈ ಮಾತ್ರೆಯ ಜೊತೆ ಬಂದದ್ದು ಮೆಡಿಕಲ್ ಶಾಪಿನ ಹುಡುಗನ ಒಂದೇ ಮಾತು: "ರಾತ್ರಿ ಒಂದು, ಆಂಟಿ." ಉಳಿದದ್ದನ್ನು ನಾನೇ ಬರೆದುಕೊಳ್ಳಬೇಕಾಯಿತು. ಮೂವತ್ತೆರಡು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು, ಮನಿಯಾರ್ಡರ್ ಫಾರಂ ತುಂಬುವುದು ಹೇಗೆಂದು ಅರ್ಧ ತಾಲ್ಲೂಕಿಗೆ ಹೇಳಿಕೊಟ್ಟವಳು ನಾನು. ಸೂಚನೆ ಕೊಡುವ ಚಟ ಪೆನ್ಷನ್ ಬಂದ ಮೇಲೂ ಬಿಟ್ಟಿಲ್ಲ.

ಯಾರಿಗಾಗಿ

ಸರ್ಪಸುತ್ತು ಎದ್ದು, ಒಣಗಿ, ಹೊಪ್ಪಳೆ ಉದುರಿ, ನೆಂಟರೆಲ್ಲ "ವಾಸಿಯಾಯ್ತಲ್ಲ" ಎಂದು ಮೂಸಂಬಿ ತರುವುದನ್ನು ನಿಲ್ಲಿಸಿದ ಮೇಲೂ ಪಕ್ಕೆಯಲ್ಲಿ ಉರಿ ಉಳಿದವರಿಗೆ. ಸಕ್ಕರೆ ಕಾಯಿಲೆಯಿಂದ ಅಂಗಾಲು ಕೆಂಡದಂತೆ ಸುಡುವವರೂ ಓದಬಹುದು, ಅವರಿಗೂ ಇದೇ ಮಾತ್ರೆ ಬರೆಯುತ್ತಾರೆ. ಮಂಡಿನೋವಿನವರು ಪುಟ ತಿರುವಿ. ಇದು ನರದ ನೋವಿನದು.

ಬಳಕೆದಾರರು ಮೊದಲು ತಮ್ಮ ಯಂತ್ರದ ಹಿಂದಿನ ಚರಿತ್ರೆ ತಿಳಿದಿರಬೇಕು. ನನಗೆ ಆರನೇ ವಯಸ್ಸಿನಲ್ಲಿ ಅಮ್ಮ, ಅಂದರೆ ಸೀತಾಳೆ ಸಿಡುಬು, ಬಂದಿತ್ತು. ಬೇವಿನ ಸೊಪ್ಪು ಹಾಸಿ ಮಲಗಿಸಿದರು, ಒಂಬತ್ತನೇ ದಿನ ನೀರು ಹಾಕಿದರು, ಅಮ್ಮ ಹೋದಳು ಅಂದರು. ಹೋಗಿರಲಿಲ್ಲ. ಆ ವೈರಸ್ಸು ಬೆನ್ನುಹುರಿಯ ಪಕ್ಕದ ನರದ ಗಂಟೊಂದರಲ್ಲಿ ಸುರುಳಿ ಸುತ್ತಿ ಮಲಗಿ, ಐವತ್ತಾರು ವರ್ಷದ ಮೇಲೆ, ಮಗಳ ಬಾಣಂತನದ ದಣಿವಿನಲ್ಲಿ, ಎಡಪಕ್ಕೆಯ ಒಂದು ನರವನ್ನು ಹಿಡಿದು ಹೊರಗೆ ಬಂತು. ಹಾವಿನ ತಲೆ ಬಾಲ ಒಂದಕ್ಕೊಂದು ಕೂಡಿದರೆ ಜೀವ ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕೂಡುವುದು ತೀರಾ ಅಪರೂಪ. ಒಂದು ನರ ಮೈಯ ಒಂದೇ ಮಗ್ಗುಲನ್ನು ನೋಡಿಕೊಳ್ಳುತ್ತದೆ, ಹಾವು ನಡುಗೆರೆಗೆ ಬಂದು ನಿಂತುಬಿಡುತ್ತದೆ. ಇದು ಗೊತ್ತಿಲ್ಲದೆ ನಾನು ಕೆಮ್ಮಣ್ಣು ಬರೆಸಿಕೊಂಡು ಐದು ದಿನ ಕಳೆದೆ. ವೈರಸ್ಸಿನ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದಂತೆ. ಕೆಮ್ಮಣ್ಣಿನ ಮೇಲೆ ನನಗೆ ಸಿಟ್ಟಿಲ್ಲ, ತಣ್ಣಗಿತ್ತು. ಹೋದ ಮೂರು ದಿನದ ಮೇಲೆ ಸಿಟ್ಟು.

ಪೆಟ್ಟಿಗೆಯೊಳಗೆ ಏನಿದೆ

ಹತ್ತು ಮಾತ್ರೆಯ ಒಂದು ಪಟ್ಟಿ. ಮಾತ್ರೆ ತೊಗರಿಬೇಳೆಗಿಂತ ತುಸು ದೊಡ್ಡದು. ಹೆಸರು ಅಮಿಟ್ರಿಪ್ಟಿಲಿನ್. ಕನ್ನಡಕ ಹಾಕಿ ಓದಿದರೂ ಬಾಯಿಗೆ ಬಾರದು. ಜೊತೆಗೆ ಸೊಳ್ಳೆಯ ಕಾಲಿನಂಥ ಅಕ್ಷರದ, ಎಂಟು ಮಡಿಕೆಯ ಕಾಗದ. ಸೂಚನೆ: ಕಾಗದವನ್ನು ಬಿಚ್ಚಿ ಊಟದ ಮೇಜಿನ ಮೇಲೆ ಬಿಡಬೇಡಿ. ನಾನು ಬಿಟ್ಟೆ. ಪರಿಣಾಮ ಮುಂದೆ ಬರುತ್ತದೆ.

ಯಂತ್ರ ನಡೆಯುವ ಬಗೆ

ಇದನ್ನು ನನಗೆ ಅರ್ಥವಾದ ಭಾಷೆಯಲ್ಲೇ ಹೇಳಬೇಕು. ಹಿಂದೆ ನಮ್ಮ ಕಚೇರಿಯಲ್ಲೇ ತಂತಿಯನ್ನೂ ತೆಗೆದುಕೊಳ್ಳುತ್ತಿದ್ದೆವು. "ತಾಯಿ ಸೀರಿಯಸ್, ಕೂಡಲೇ ಹೊರಡು." ಅದನ್ನು ಓದಿದವನ ಮುಖ ನೋಡಲಾಗುತ್ತಿರಲಿಲ್ಲ. ಈಗ ಹೀಗೆಂದುಕೊಳ್ಳಿ: ತಾಯಿ ಹುಷಾರಾಗಿ ಎದ್ದು ಅಕ್ಕಿರೊಟ್ಟಿ ತಟ್ಟುತ್ತಿದ್ದಾಳೆ, ಆದರೆ ಊರಿನ ಕೌಂಟರಿನಲ್ಲಿ ಕೂತವನಿಗೆ ತಲೆ ಕೆಟ್ಟು ಅದೇ ತಂತಿಯನ್ನು ನಿಮಿಷಕ್ಕೊಂದರಂತೆ ಕಳಿಸುತ್ತಲೇ ಇದ್ದಾನೆ. ಕೆಟ್ಟ ನರ ಅಂದರೆ ಅವನೇ. ಸೀರೆಯ ಸೆರಗು ತಾಗಿದರೆ "ಬೆಂಕಿ". ಫ್ಯಾನಿನ ಗಾಳಿ ಸೋಕಿದರೆ "ಬೆಂಕಿ". ಸರ್ಕಾರ 2013ರ ಜುಲೈನಲ್ಲಿ ದೇಶದ ತಂತಿ ಸೇವೆಯನ್ನೇ ಮುಚ್ಚಿತು. ನನ್ನ ಪಕ್ಕೆಗೆ ಆ ಸುತ್ತೋಲೆ ತಲುಪಿಲ್ಲ.

ಬೆನ್ನುಹುರಿಯಲ್ಲೊಂದು ಉಪ ಅಂಚೆ ಕಚೇರಿ ಇದೆ. ಬಂದ ತಂತಿಯನ್ನೆಲ್ಲ ಅದು ಮಿದುಳಿಗೆ ಕಳಿಸಲೇಬೇಕೆಂದಿಲ್ಲ. ಮಿದುಳಿನ ಬುಡದಿಂದ ಕೆಳಗೆ ಆಜ್ಞೆ ಬರುತ್ತದೆ: "ಸಾಕು, ಇದನ್ನು ಮುಂದಕ್ಕೆ ಕಳಿಸಬೇಡ." ಆ ಆಜ್ಞೆ ಹೊತ್ತು ಬರುವ ಜವಾನರು ಇಬ್ಬರು, ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್. ಹೇಳಿದ ಕೆಲಸ ಮುಗಿಯುವ ಮೊದಲೇ ಇವರನ್ನು ಒಳಗೆ ಕರೆದುಕೊಂಡುಬಿಡುವ ವ್ಯವಸ್ಥೆ ದೇಹದಲ್ಲಿದೆ. ಮಾತ್ರೆ ಆ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಜವಾನರು ಇನ್ನಷ್ಟು ಹೊತ್ತು ಬಾಗಿಲ ಹೊರಗೆ ನಿಲ್ಲುತ್ತಾರೆ, ಆಜ್ಞೆ ಕಿವಿಗೆ ಬೀಳುತ್ತದೆ. ಜೊತೆಗೆ ತಲೆಕೆಟ್ಟ ನರದ ಕೈಯನ್ನೂ ಸ್ವಲ್ಪ ಹಿಡಿಯುತ್ತದಂತೆ. ತೊಡಕು ಇರುವುದು ಇಲ್ಲಿ: ಇದೇ ಇಬ್ಬರು ಜವಾನರು ಮನಸ್ಸಿನ ಇಲಾಖೆಯಲ್ಲೂ ದುಡಿಯುತ್ತಾರೆ. ಮಾತ್ರೆಗೆ ಮೊದಲು ಹೆಸರು ಬಂದದ್ದು ಆ ಇಲಾಖೆಯಿಂದ.

ಆ ಹೆಸರೂ ಬೇಕೆಂದು ಬಂದದ್ದಲ್ಲ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯಲ್ಲಿ ರೋಲಂಡ್ ಕುನ್ ಎಂಬ ವೈದ್ಯರು ಇಮಿಪ್ರಮಿನ್ ಎಂಬ ಹೊಸ ಔಷಧಿಯನ್ನು ಸ್ಕಿಜೋಫ್ರೇನಿಯಾದವರಿಗೆ ಕೊಟ್ಟು ನೋಡಿದರು. ಅವರಿಗೆ ಉಪಯೋಗವಾಗಲಿಲ್ಲ, ಖಿನ್ನತೆಯವರು ಚೇತರಿಸಿಕೊಂಡರು. ಅದರ ತಮ್ಮನಂಥ ನಮ್ಮ ಅಮಿಟ್ರಿಪ್ಟಿಲಿನ್ 1961ರಲ್ಲಿ ಅಮೆರಿಕದ ಅಂಗಡಿಗೆ ಬಂತು. ಆಮೇಲೆ ನೋವಿನ ಇಲಾಖೆಗೆ ಡೆಪ್ಯುಟೇಷನ್. ಒಂದು ಕೆಲಸಕ್ಕೆ ಸೇರಿ ಇನ್ನೊಂದರಲ್ಲಿ ನಿವೃತ್ತರಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಇದರಲ್ಲಿ ಆಶ್ಚರ್ಯವೇನಿಲ್ಲ.

ಜೋಡಣೆ

ರಾತ್ರಿ ಎಂಟಕ್ಕೆ ನುಂಗಿ. ಹನ್ನೊಂದಕ್ಕೆ ಬೇಡ. ಹನ್ನೊಂದಕ್ಕೆ ನುಂಗಿದರೆ ಮರುದಿನ ಬೆಳಿಗ್ಗೆ ಹಾಲು ಉಕ್ಕಿ ಒಲೆಯ ಮೇಲೆ ಹರಿಯುವುದನ್ನು ಯಾರದೋ ಮನೆಯ ಹಾಲೆಂಬಂತೆ ನೋಡುತ್ತ ನಿಲ್ಲುತ್ತೀರಿ.

ಮೊದಲ ವಾರ ಅರ್ಧ ಮಾತ್ರೆ ಎಂದಿದ್ದರು ಡಾಕ್ಟರು. ಮಲೆನಾಡಿನ ಮನೆ, ಅಡಕತ್ತರಿಗೆ ಬರವೇ? ಇಟ್ಟು ಒತ್ತಿದೆ. ಅರ್ಧ ನನ್ನ ಕೈಯಲ್ಲಿ ಉಳಿಯಿತು, ಇನ್ನರ್ಧ ಹಾರಿ ಗ್ಯಾಸ್ ಸಿಲಿಂಡರಿನ ಹಿಂದೆ ಹೋಯಿತು. ಅಲ್ಲಿನ ಇರುವೆಗಳಿಗೆ ನರದ ನೋವು ಇದ್ದರೆ ಈಗ ವಾಸಿಯಾಗಿರಬೇಕು. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ.

ಮನಸ್ಸಿನ ಕಾಯಿಲೆಗೆ ಇದನ್ನು ದಿನಕ್ಕೆ 75ರಿಂದ 150 ಮಿಲಿಗ್ರಾಂವರೆಗೆ ಕೊಡುವುದುಂಟು. ನೋವಿಗೆ ಹತ್ತರಿಂದ ಶುರು ಮಾಡಿ, ಬೇಕಾದರೆ ಇಪ್ಪತ್ತೈದು, ಇನ್ನೂ ಬೇಕಾದರೆ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ. ಮೆಟ್ಟಿಲು ಹತ್ತಿಸುವವರು ಡಾಕ್ಟರು, ಇಳಿಸುವವರೂ ಅವರೇ. ಹಬ್ಬ ಬಂತು, ಉಪವಾಸ, ಎಂದು ಒಂದೇ ಏಟಿಗೆ ನಿಲ್ಲಿಸಬೇಡಿ.

ಚಾಲೂ ಆಗಿದೆಯೇ ಎಂದು ತಿಳಿಯುವುದು ಹೇಗೆ

ತಿಳಿಯುವುದಿಲ್ಲ. ಮೊದಲ ರಾತ್ರಿ ನಿದ್ದೆ ಬರುತ್ತದೆ, ಎರಡನೇ ದಿನ ಬಾಯಿ ಒಣಗುತ್ತದೆ, ಮೂರನೇ ದಿನ ಹೊಟ್ಟೆ ಕಟ್ಟುತ್ತದೆ, ನೋವು ಮಾತ್ರ ಎಲ್ಲಿತ್ತೋ ಅಲ್ಲೇ. ಲಾಭಕ್ಕೆ ಮೊದಲು ಬಡ್ಡಿ ಕಟ್ಟಿಸಿಕೊಳ್ಳುವ ಸಾಲ ಇದು. ಬಾಯಿಗೆ ಎರಡು ಲವಂಗ, ಹೊಟ್ಟೆಗೆ ಪಪ್ಪಾಯಿ ಮತ್ತು ತಾಳ್ಮೆ. ಹಾಸಿಗೆಯಿಂದ ಏಳುವಾಗ ಮಂಚದ ಅಂಚಿನಲ್ಲಿ ಕೂತು ಹನ್ನೆರಡರ ಮಗ್ಗಿ ಹೇಳಿ ಆಮೇಲೆ ನಿಂತುಕೊಳ್ಳಿ. ಥಟ್ಟನೆ ಎದ್ದರೆ ಬಿಪಿ ಇಳಿದು ತಲೆ ತಿರುಗುತ್ತದೆ. ರಾತ್ರಿ ಹತ್ತಕ್ಕೆ ಕೋಡುಬಳೆ ಡಬ್ಬಿ ಕರೆಯುತ್ತದೆ. ಅದು ಮಾತ್ರೆಯ ಗುಣವೋ ನನ್ನದೋ ಹೇಳಲಾರೆ, ತೂಕವಂತೂ ಏರಿತು.

"ನೋವು ಹತ್ತಕ್ಕೆ ಎಷ್ಟಮ್ಮ?" ಎಂದು ಡಾಕ್ಟರು ಪ್ರತಿ ಸಲ ಕೇಳುತ್ತಾರೆ. ಮೊದಲ ಸಲ ಏಳೂವರೆ ಅಂದೆ. ಶನಿಯೂ ಏಳೂವರೆಯೇ ಅಲ್ಲವೇ, ನಾಲಿಗೆಗೆ ಅದೇ ಬಂತು. ಐದನೇ ವಾರದಲ್ಲಿ ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು ಕೂತಾಗ, ಸೆರಗು ಎಡಪಕ್ಕೆಗೆ ಅಂಟಿಕೊಂಡೇ ಇತ್ತು. ಎಷ್ಟು ಹೊತ್ತಿನಿಂದ ಅಂಟಿತ್ತೋ ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೆ ಉರಿಯಿತು, ಆದರೆ ಅಷ್ಟು ಹೊತ್ತು ಗೊತ್ತಾಗಿರಲಿಲ್ಲ! ಮುಂದಿನ ಸಲ ನಾಲ್ಕು ಅಂದೆ. ಎಲ್ಲರಿಗೂ ಹೀಗೆ ಆಗುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಸುಮಾರು ನಾಲ್ಕು ಜನರಿಗೆ ಕೊಟ್ಟರೆ, ಬರೀ ಹಿಟ್ಟಿನ ಮಾತ್ರೆ ಕೊಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಒಬ್ಬರಿಗೆ ಹೆಚ್ಚಾಗಿ ನೋವು ಅರ್ಧಕ್ಕಿಳಿಯುತ್ತದೆ. ಲಾಟರಿಗಿಂತ ವಾಸಿ.

ಎಚ್ಚರಿಕೆ

ಇಲ್ಲಿ ತಮಾಷೆ ಇಲ್ಲ. ಹೃದಯದ ಬಡಿತದಲ್ಲಿ ಏರುಪೇರು ಇರುವವರು, ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ದಪ್ಪಗಾಗಿ ಮೂತ್ರಕ್ಕೆ ತಿಣುಕುವ ಗಂಡಸರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಬೇರೆ ನೋವಿನ ಮಾತ್ರೆ, ಮುಖ್ಯವಾಗಿ ಟ್ರಮಡಾಲ್, ನುಂಗುತ್ತಿದ್ದರೆ ಅದನ್ನೂ ಹೇಳಿ. ಮದ್ಯದ ಜೊತೆ ಬೇಡ. ಮೊಮ್ಮಕ್ಕಳಿರುವ ಮನೆಯಲ್ಲಿ ಮಾತ್ರೆ ಬೀರುವಿನೊಳಗೆ, ಬೀಗದ ಹಿಂದೆ ಇರಲಿ. ದೊಡ್ಡವರಿಗೆ ಚಿಕ್ಕ ಪ್ರಮಾಣವಾದದ್ದು ಮಗುವಿನ ಹೃದಯಕ್ಕೆ ಚಿಕ್ಕದಲ್ಲ.

ಮನೆಯವರನ್ನು ನಿಭಾಯಿಸುವುದು

ಕಾಗದದಲ್ಲಿ ಬರೆಯದ ಅಡ್ಡಪರಿಣಾಮ ಇದೊಂದೇ. ಮೇಜಿನ ಮೇಲೆ ಬಿಟ್ಟಿದ್ದ ಕಾಗದವನ್ನು ನಮ್ಮ ಮನೆಯವರು ಭೂತಗನ್ನಡಿ ಹಿಡಿದು ಓದಿದರು. ಒಂದು ಗಂಟೆಯೊಳಗೆ ಬೆಂಗಳೂರಿಂದ ಮಗಳು ಫೋನು ಮಾಡಿದಳು. "ಅಮ್ಮಾ, ನಿಂಗೆ ಡಿಪ್ರೆಷನ್ನಾ? ನಂಗ್ಯಾಕೆ ಹೇಳ್ಲಿಲ್ಲ?" ನಮ್ಮ ಕಡೆ ಜಗಳವಾಡಿದರೆ ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು ಅನ್ನುತ್ತಾರೆ, ಉತ್ತರ ಕರ್ನಾಟಕದ ಕಡೆಯವರು ಧಾರವಾಡಕ್ಕೆ ಅನ್ನುತ್ತಾರೆ. ಎರಡೂ ಊರಿನ ದೊಡ್ಡ ಆಸ್ಪತ್ರೆಗಳನ್ನು ಬೈಗುಳ ಮಾಡಿಕೊಂಡ ಜನ ನಾವು. ಅಂಥ ಮನೆಯಲ್ಲಿ ಆ ಕಾಗದ ಬಾಯಿ ಬಿಟ್ಟಿತ್ತು.

ವಿಚಿತ್ರ ನೋಡಿ. ಗುಳ್ಳೆ ಇದ್ದಾಗ ಎಲ್ಲರೂ ಬಂದರು, ಏಕೆಂದರೆ ಕಾಣುತ್ತಿತ್ತು. ಗುಳ್ಳೆ ಹೋಗಿ ನೋವಷ್ಟೇ ಉಳಿದಾಗ ಯಾರೂ ಬರಲಿಲ್ಲ. ಮನಸ್ಸಿನ ಮಾತ್ರೆ ಎಂದ ಕೂಡಲೇ ಮತ್ತೆ ಬಂದರು, ಈ ಸಲ ಮೂಸಂಬಿ ಇಲ್ಲದೆ, ಮುಖ ನೋಡಲು.

ಬಂದವರಿಗೆ ಹೇಳಲೆಂದು ನಾನೊಂದು ಭಾಷಣ ಸಿದ್ಧ ಮಾಡಿಕೊಂಡೆ. ಕೆನಡಾದಲ್ಲಿ ಪೀಟರ್ ವಾಟ್ಸನ್ ಮತ್ತು ಜೊತೆಯವರು 1982ರಲ್ಲಿ ನನ್ನಂಥದೇ ನೋವಿನ 24 ಜನರಿಗೆ ಈ ಮಾತ್ರೆ ಕೊಟ್ಟು ನೋಡಿದ್ದಾರೆ, 16 ಜನರಿಗೆ ಚೆನ್ನಾಗಿ ಗುಣ ಕಂಡಿದೆ, ಅವರಲ್ಲಿ ಹೆಚ್ಚಿನವರಿಗೆ ಖಿನ್ನತೆಯೇ ಇರಲಿಲ್ಲ. ನನಗೆ ಕೊಟ್ಟಿರುವುದೋ ಬರೀ ಹತ್ತು ಮಿಲಿಗ್ರಾಂ. "ಇದು ನೋವಿಗೆ. ತಲೆಗಲ್ಲ. ನನ್ನ ತಲೆ ಸರಿಯಾಗಿದೆ." ಕೊನೆಯ ವಾಕ್ಯವನ್ನು ಸ್ವಲ್ಪ ಏರುದನಿಯಲ್ಲಿ ಹೇಳುತ್ತಿದ್ದೆ. ಹಾಲಿನವನಿಗೂ ಹೇಳಿದೆ, ಅವನು ಕೇಳಿರಲಿಲ್ಲ.

ಓರಗಿತ್ತಿ ಸಾಗರದಿಂದ ಬಂದಳು. ಅವಳಿಗೂ ಅದೇ ಭಾಷಣ, 1982, ಹದಿನಾರು ಜನ, ತಲೆಗಲ್ಲ. ಅವಳು ತಲೆ ತಗ್ಗಿಸಿ ಹುರುಳಿಕಾಯಿ ಮುರಿಯುತ್ತಲೇ ಕೇಳಿದಳು.

"ಅಕ್ಕಾ, ರಾತ್ರಿ ಅಳ್ತಿದ್ರಾ?"

ಅಳುತ್ತಿದ್ದೆ. ನಾಲ್ಕು ತಿಂಗಳು, ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು. ಇದು ನನ್ನ ಭಾಷಣದಲ್ಲಿ ಇರಲಿಲ್ಲ.

"ನಿಮ್ದು ಎಷ್ಟು ಅಂದ್ರಿ?"

"ಹತ್ತು."

"ನಂದು ಎಪ್ಪತ್ತೈದು," ಅಂದಳು. ಹನ್ನೊಂದು ವರ್ಷದಿಂದ. ಕ್ಯಾಲ್ಸಿಯಂ ಮಾತ್ರೆಯ ಬಾಟಲಿಯಲ್ಲಿ ಹಾಕಿಟ್ಟುಕೊಳ್ಳುತ್ತಾಳಂತೆ. ಗಂಡನಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ನಾನು ಅವಳ ಮೂಳೆ ಗಟ್ಟಿಯಾಗಲೆಂದು ವರ್ಷಾ ವರ್ಷಾ ರಾಗಿ ಹುರಿಹಿಟ್ಟು ಕಳಿಸುತ್ತಿದ್ದೆ.

ತಿದ್ದುಪಡಿ: ಹಿಂದೆ ಹೇಳಿದ ಭಾಷಣವನ್ನು ಬಳಕೆದಾರರು ಕೈಬಿಡಬೇಕು. ಯಾರಾದರೂ ಕೇಳಿದರೆ "ಮಾತ್ರೆ ತಗೋತಿದೀನಿ, ಗುಣ ಕಾಣ್ತಿದೆ" ಎಂದಷ್ಟೇ ಹೇಳಿ. ಹಾಲಿನವನಿಗೆ ಏನೂ ಹೇಳಬೇಕಾಗಿಲ್ಲ.

ನೆನಪೋಲೆ

ಮಾತ್ರೆ ಮರೆಯದಿರಲು ಮೊಬೈಲಿನಲ್ಲಿ ಅಲಾರಂ ಇಡಬಹುದು. ನಾವು ಬೇರೆ ದಾರಿ ಮಾಡಿಕೊಂಡಿದ್ದೇವೆ. ಹಿಂದೆ ಶುಭಾಶಯದ ತಂತಿಗಳಿಗೆ ಒಂದೊಂದು ನಂಬರು ಇರುತ್ತಿತ್ತು, ಮದುವೆಗೊಂದು, ದೀಪಾವಳಿಗೊಂದು. ನಂಬರು ಬರೆದರೆ ಸಾಕು, ಪೂರ್ತಿ ವಾಕ್ಯ ಆ ತುದಿಯಲ್ಲಿ ಮುಟ್ಟುತ್ತಿತ್ತು. ಈಗ ದಿನಾ ರಾತ್ರಿ ಎಂಟಕ್ಕೆ ಸಾಗರದಿಂದ ಮಿಸ್ಡ್ ಕಾಲ್ ಬರುತ್ತದೆ. ಒಂದು ರಿಂಗ್ ಅಂದರೆ ನುಂಗಿದೆ, ನೀವೂ ನುಂಗಿ. ಎರಡು ರಿಂಗ್ ಅಂದರೆ ಇವತ್ತು ದಿನ ಚೆನ್ನಾಗಿರಲಿಲ್ಲ, ಎತ್ತಿಕೊಳ್ಳಿ.

ಹೋದ ವಾರ ಎರಡು ಸಲ ಎತ್ತಿಕೊಂಡೆ. ನಿನ್ನೆ ಎರಡು ರಿಂಗ್ ಕೊಟ್ಟವಳು ನಾನು.