ಹೂಂ ಎಂದರೆ ಊಹೂಂ ಎನ್ನುವ ಗೇಟು

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ಕಾರನ್ನು ನಟ್ಟು ಬೋಲ್ಟು ಸಮೇತ ಬಿಚ್ಚುತ್ತಾರೆ. ‘ಟ್ಯೂರಿಂಗ್ ಕಂಪ್ಲೀಟ್’ ಎಂಬ ಆಟದಲ್ಲಿ ಕೆಲಸ ತಿರುವುಮುರುವು: ಕೈಗೊಂದು ನ್ಯಾಂಡ್ ಗೇಟು ಎಂಬ ಪುಟ್ಟ ಸರ್ಕ್ಯೂಟು ಕೊಟ್ಟು, ಕಂಪ್ಯೂಟರ್ ಕಟ್ಟಪ್ಪ ಎನ್ನುತ್ತಾರೆ.

ಈ ಗೇಟಿನದು ವಕ್ರಬುದ್ಧಿ. ಎರಡೂ ಕಡೆಯಿಂದ 1 ಬಂದರೆ ಮಾತ್ರ 0 ಕೊಡುತ್ತದೆ. ಇಬ್ಬರೂ ಹೂಂ ಎಂದಾಗಲೇ ಊಹೂಂ! ಆದರೆ ಎರಡೂ ಕಿವಿಗೆ ಒಂದೇ ತಂತಿ ಸಿಕ್ಕಿಸಿದರೆ ಬಂದದ್ದನ್ನು ಉಲ್ಟಾ ಮಾಡುವ ‘ನಾಟ್’ ಗೇಟು ಸಿದ್ಧ. ಹೀಗೇ ಪೋಣಿಸುತ್ತ ಹೋದರೆ ಕೂಡುವ ಸರ್ಕ್ಯೂಟು, ಮೆಮೊರಿ, ಕೊನೆಗೆ ಪ್ರೊಸೆಸರ್. ಅಷ್ಟರಲ್ಲಿ ಬಡಿಸಿದ ಅನ್ನ ಆರಿ ಹೋಗಿರುತ್ತದೆ, ಅದು ಬೇರೆ ಮಾತು.

2021ರ ಅಕ್ಟೋಬರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂದಾಗ ಆಟ ಇನ್ನೂ ಅರೆಬೆಂದಿತ್ತು. ಹಾಗೆಂದು ಹೇಳಿಯೇ ಮಾರಿದರು, ಜನ ಕೊಂಡೂ ಕೊಂಡರು. ಆಮೇಲೂ ವರ್ಷಗಟ್ಟಲೆ ತಿದ್ದುಪಡಿ.

ಶಿವಾಜಿನಗರವಿರುವ ದಂಡು ಪ್ರದೇಶಕ್ಕೆ ನ್ಯಾಂಡ್ ಹೊಸ ನೆಂಟನಲ್ಲ. ನಾಲ್ಕು ನ್ಯಾಂಡ್ ಗೇಟುಗಳ ಪ್ರಸಿದ್ಧ 7400 ಚಿಪ್ಪನ್ನು 1960ರ ದಶಕದಲ್ಲಿ ತಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, 1985ರಲ್ಲಿ ಬೆಂಗಳೂರಿಗೆ ಬಂದು ಕಚೇರಿ ತೆರೆದದ್ದು ಇಲ್ಲೇ ಹತ್ತಿರದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ. ಅದರ ಉಪಗ್ರಹ ಸಂಪರ್ಕದ ಡಿಶ್ ಆಂಟೆನಾ ಬಂದದ್ದು ಎತ್ತಿನಗಾಡಿಯ ಮೇಲೆ.