ಕ್ಯಾಮೆರೋನ್ನತಿ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವರು ಮೊದಲಿಗೆ ಅನುಬಂಧ ಚತುಷ್ಟಯವನ್ನು ಹೇಳತಕ್ಕದ್ದೆಂದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಕೈಯಲ್ಲಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಬಿಟ್ಟು ಅದಕ್ಕಿಂತ ಮೇಲಿನದನ್ನು ಕೊಳ್ಳುವುದು. ಇದಕ್ಕೆ ಲೋಕದಲ್ಲಿ ಅಪ್‌ಗ್ರೇಡ್ ಎಂದೂ ಈ ಪ್ರಬಂಧದಲ್ಲಿ ಉನ್ನತಿ ಎಂದೂ ಹೆಸರು. ಪ್ರಯೋಜನ: ಚಿತ್ರ ಚೆನ್ನಾಗಿ ಬರುವುದು, ಬಾರದಿದ್ದಲ್ಲಿ, ಬಂದೀತೆಂಬ ಭರವಸೆ ಇನ್ನೊಂದು ವರ್ಷಕ್ಕೆ ಊರ್ಜಿತವಾಗುವುದು. ಸಂಬಂಧ: ಸೆನ್ಸರ್ ದೊಡ್ಡದಾದಷ್ಟೂ ಕಂತು ದೊಡ್ಡದಾಗುವ ಕಾರ್ಯಕಾರಣ ಸಂಬಂಧ. ಇನ್ನು ಉಳಿದದ್ದು ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಯಾರು ಅರ್ಹರು ಎಂಬ ಪ್ರಶ್ನೆ.

ಅಧಿಕಾರಿಯ ಲಕ್ಷಣ ಹೀಗಿದೆ. ಆತನ ಬಳಿ ನಿಕಾನ್ ಡಿ3500 ಇರುತ್ತದೆ. ಜೊತೆಗೆ 18-55 ಕಿಟ್ ಲೆನ್ಸ್, 70-300 ಜೂಮ್. ಮೋಡ್ ಡಯಲ್ ‘ಆಟೊ’ ಬಿಟ್ಟು ಕದಲಿರುವುದಿಲ್ಲ. ಕೈಪಿಡಿ ಪ್ಲಾಸ್ಟಿಕ್ ಕವರಿನೊಳಗೆ ಕೊಂಡ ದಿನದ ಹಾಗೆಯೇ ಇರುತ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯಬಾರದೆಂದು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿರುತ್ತಾನೆ. ಡಬ್ಬಿ ಮೂಲತಃ ಚಕ್ಕುಲಿಯದು. ಮನೆಯೊಡತಿ ಇದನ್ನು ಇನ್ನೂ ಮರೆತಿಲ್ಲ. ಇಂಥವನನ್ನು ಇಲ್ಲಿಂದ ಮುಂದೆ ಸಾಧಕನೆಂದು ಕರೆಯುತ್ತೇವೆ. ವಾಸ ಮೈಸೂರು, ಸಾಧನಾ ಕ್ಷೇತ್ರ ಕುಕ್ಕರಹಳ್ಳಿ ಕೆರೆಯ ಏರಿ.

ಪೂರ್ವಪಕ್ಷ

ಸಾಧಕನಿಗೆ ಉನ್ನತಿಯ ಆಸೆ ಹುಟ್ಟುವುದು ಮಾಮೂಲಿ ಆಸೆಯ ಹಾಗಲ್ಲ. ಅದು ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವಾಗಿಯೇ ಹುಟ್ಟುತ್ತದೆ.

ಪ್ರತಿಜ್ಞೆ: ನಾನು ಫುಲ್ ಫ್ರೇಮ್ ನಿಕಾನ್ ಡಿ850 ಕೊಳ್ಳತಕ್ಕದ್ದು.
ಹೇತು: ಏಕೆಂದರೆ ನನ್ನ ಚಿತ್ರಗಳು ಚೆನ್ನಾಗಿ ಬರುತ್ತಿಲ್ಲ.
ಉದಾಹರಣೆ: ಯಾರ ಬಳಿ ಫುಲ್ ಫ್ರೇಮ್ ಇದೆಯೋ ಅವರ ಚಿತ್ರ ಚೆನ್ನಾಗಿರುತ್ತದೆ, ನಮ್ಮ ಆಫೀಸಿನ ರಾಯರದ್ದರಂತೆ.
ಉಪನಯ: ನಾನೂ ರಾಯರ ಹಾಗೆ ಭಾನುವಾರ ಭಾನುವಾರ ಕೆರೆಗೆ ಹೋಗುವವನೇ.
ನಿಗಮನ: ಆದ್ದರಿಂದ ಕಂತಿಗೆ ಸಿಗುತ್ತದೆಯೇ ಕೇಳಬೇಕು.

ವಾಕ್ಯ ನೋಡಲು ಗಟ್ಟಿಮುಟ್ಟಾಗಿದೆ. ಆದರೆ ಉಪನಯದಲ್ಲಿ ಒಂದು ಸಣ್ಣ ವಿವರ ಬಿಟ್ಟುಹೋಗಿದೆ. ರಾಯರು ಕೆರೆಗೆ ಹೋಗುವುದು ಬೆಳಿಗ್ಗೆ ಆರಕ್ಕೆ. ಸಾಧಕ ಹೋಗುವುದು ಮಸಾಲೆ ದೋಸೆ, ಕಾಫಿ ಮುಗಿಸಿ ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಎಳೆಬಿಸಿಲು ಮುಗಿದಿರುತ್ತದೆ, ಬಿಳಿ ಹಕ್ಕಿಯ ರೆಕ್ಕೆಯ ವಿವರವೆಲ್ಲ ಕಡು ಬಿಸಿಲಿಗೆ ಸುಟ್ಟುಹೋಗುತ್ತದೆ, ಮಿಂಚುಳ್ಳಿಯಂತೂ ತನ್ನ ಪಾಡಿಗೆ ತಾನು ಎಲ್ಲೋ ನೆರಳು ಹುಡುಕಿಕೊಂಡಿರುತ್ತದೆ.

ಹೇತ್ವಾಭಾಸ ನಿರೂಪಣೆ

ಕಾರಣದಂತೆ ಕಾಣುವ, ಆದರೆ ಕಾರಣವಲ್ಲದ ಹೇತುವಿಗೆ ಹೇತ್ವಾಭಾಸವೆಂದು ಹೆಸರು. ನೈಯಾಯಿಕರು ಇದರಲ್ಲಿ ಐದು ಬಗೆ ಹೇಳಿದ್ದಾರೆ. ಕ್ಯಾಮೆರಾ ಅಂಗಡಿಯಲ್ಲಿ ಐದೂ ದೊರೆಯುತ್ತವೆ.

ಒಂದನೆಯದು ಸವ್ಯಭಿಚಾರ, ಅಂದರೆ ಎಲ್ಲೆಂದರಲ್ಲಿ ತಿರುಗುವ ಹೇತು. “ಚಿತ್ರ ಮಸುಕಾಗಿದೆ, ಆದ್ದರಿಂದ ಕ್ಯಾಮೆರಾ ಸರಿಯಿಲ್ಲ.” ಮಸುಕು ಕೈ ನಡುಗಿದರೂ ಬರುತ್ತದೆ, ಹಕ್ಕಿ ಹಾರಿದರೂ ಬರುತ್ತದೆ. 300 ಎಂಎಂ ಲೆನ್ಸನ್ನು ಈ ಕ್ರಾಪ್ ಸೆನ್ಸರ್ ಬಾಡಿಗೆ ಹಾಕಿ ಬರಿಗೈಯಲ್ಲಿ ಹಿಡಿದರೆ ಶಟರ್ ಸೆಕೆಂಡಿನ 500ನೇ ಒಂದು ಭಾಗದಷ್ಟಾದರೂ ಚುರುಕಾಗಿರಬೇಕೆಂಬುದು ಹಳೆಯ ಲೆಕ್ಕ. ಆಟೊ ಮೋಡ್ ಮರದ ನೆರಳಿನಲ್ಲಿ 60ನೇ ಒಂದು ಭಾಗಕ್ಕೆ ಇಳಿದು ಕೂತರೆ ಡಿ3500 ತಾನೆ ಏನು ಮಾಡೀತು? ಅದೇ ನಡುಗುವ ಕೈಗೆ ಡಿ850ರ 45 ಮೆಗಾಪಿಕ್ಸೆಲ್ ಕೊಟ್ಟರೆ ನಡುಕ ಹೋಗುವುದಿಲ್ಲ. ದೊಡ್ಡದು ಮಾಡಿ ನೋಡಿದಾಗ ಇನ್ನಷ್ಟು ಸ್ಫುಟವಾಗಿ ಕಾಣುತ್ತದೆ.

ಎರಡನೆಯದು ವಿರುದ್ಧ. ಸಾಧಿಸಬೇಕಾದ್ದರ ಉಲ್ಟಾ ಸಾಧಿಸುವ ಹೇತು ಇದು. “ಹಕ್ಕಿ ದೊಡ್ಡದಾಗಿ ಬರಬೇಕು, ಆದ್ದರಿಂದ ಫುಲ್ ಫ್ರೇಮ್ ಬೇಕು.” ಡಿ3500ರ ಸೆನ್ಸರ್ ಸುಮಾರು 23.5×15.6 ಮಿಲಿಮೀಟರ್, ಫುಲ್ ಫ್ರೇಮ್ 36×24. ಚಿಕ್ಕ ಸೆನ್ಸರ್ ದೃಶ್ಯದ ನಡುಭಾಗವನ್ನಷ್ಟೇ ಹಿಡಿಯುವುದರಿಂದ 300 ಎಂಎಂ ಲೆನ್ಸು ಅದರಲ್ಲಿ 450ರ ಹಾಗೆ ನೋಡುತ್ತದೆ. ಉನ್ನತಿ ಹೊಂದಿದ ಮರುದಿನ ಅದೇ ಲೆನ್ಸಿನಲ್ಲಿ ಅದೇ ಹಕ್ಕಿ ಕುಗ್ಗಿ ಕೂತಿರುತ್ತದೆ. ಡಿ850ರಲ್ಲಿ ಅಷ್ಟೇ ನಡುಭಾಗವನ್ನು ಕತ್ತರಿಸಿಕೊಂಡರೆ ಸಿಗುವುದು ಹತ್ತೊಂಬತ್ತೂವರೆ ಮೆಗಾಪಿಕ್ಸೆಲ್ ಆಸುಪಾಸು. ಮಾರಿಬಂದ ಹಳೆ ಕ್ಯಾಮೆರಾ ಕೊಡುತ್ತಿದ್ದುದು 24. ಬಿಡುಗಡೆಯಾದಾಗ ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದ ಬಾಡಿ ಹೀಗೆ ಹಕ್ಕಿಯನ್ನು ದೂರ ಮಾಡುತ್ತದೆ. ಹತ್ತಿರ ತರಲು 200-500 ಲೆನ್ಸು ಬೇಕಾಗುತ್ತದೆ. ಅದರ ತೂಕ 2.3 ಕಿಲೋ, ಬಾಡಿಯದು ಇನ್ನೊಂದು ಕಿಲೋ. ಹಳೆಯ ಬಾಡಿ ತೂಗುತ್ತಿದ್ದುದು ಅರ್ಧ ಕಿಲೋಗಿಂತ ಕಡಿಮೆ. ಈ ಹಂತದಲ್ಲಿ ಶಾಸ್ತ್ರವು ಮೂಳೆ ವೈದ್ಯರ ವ್ಯಾಪ್ತಿಗೆ ಸೇರುತ್ತದೆ.

ಮೂರನೆಯದು ಸತ್ಪ್ರತಿಪಕ್ಷ. ಹೇತುವಿಗೆ ಸಮಬಲದ ಇನ್ನೊಂದು ಹೇತು ಎದುರು ನಿಲ್ಲುವುದು. ಇದಕ್ಕೆ ಲಕ್ಷ್ಯ ಅಡುಗೆಮನೆಯ ಬಾಗಿಲಲ್ಲಿ ಸಿಗುತ್ತದೆ.

“ಬೋನಸ್ ಬಂದಿದೆ ಕಣೇ. ಈಗ ತಗೊಂಡ್ರೆ ತಗೊಂಡ ಹಾಗೆ.”

“ಹೌದೂ ರೀ, ಬೋನಸ್ ಬಂದಿದೆ. ತಾರಸಿ ಸೋರ್ತಿದೆ. ಈಗ ಮಾಡಿಸಿದ್ರೆ ಮಾಡಿಸಿದ ಹಾಗೆ.”

“ಅಲ್ವೇ, ಇದು ನಲವತ್ತೈದು ಮೆಗಾಪಿಕ್ಸೆಲ್ಲು...”

“ತಾರಸಿ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಅಂತ ಅದರಲ್ಲಿ ಚೆನ್ನಾಗಿ ಕಾಣತ್ತೆ ಬಿಡಿ.”

ಸಭೆ ಅಲ್ಲಿಗೆ ಬರಖಾಸ್ತಾಯಿತು. ಮನೆಯೊಡತಿ ಗೌತಮನ ನ್ಯಾಯಸೂತ್ರ ಓದಿದವರಲ್ಲ. ಓದಬೇಕಾದ ಅಗತ್ಯ ಈವರೆಗೆ ಬಿದ್ದಿಲ್ಲ.

ನಾಲ್ಕನೆಯದು ಅಸಿದ್ಧ, ಅಂದರೆ ಇಲ್ಲವೇ ಇಲ್ಲದ ಹೇತು. “ಗೋಡೆಗೆ ದೊಡ್ಡ ಪ್ರಿಂಟ್ ಹಾಕಿಸಬೇಕು.” ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 24 ಮೆಗಾಪಿಕ್ಸೆಲ್ಲಿಗೆ 20×13 ಇಂಚಿನ ಪ್ರಿಂಟ್ ಸಲೀಸು. ಮನೆಯ ಗೋಡೆಯಲ್ಲಿ ಈವರೆಗೆ ತೂಗುತ್ತಿರುವ ದೊಡ್ಡ ಪ್ರಿಂಟ್ ಮಾವನವರ ಷಷ್ಟಿಪೂರ್ತಿಯದು. ಅದನ್ನು ತೆಗೆದವನು ಛತ್ರಕ್ಕೆ ಬಂದಿದ್ದ ಸ್ಟುಡಿಯೋ ಹುಡುಗ. ಸಾಧಕನ ಚಿತ್ರಗಳೆಲ್ಲ ಹೋಗುವುದು ಇನ್‌ಸ್ಟಾಗ್ರಾಂಗೆ. ಅಲ್ಲಿ 1080×1350ರ ಚೌಕಟ್ಟಿಗೆ ಸಾಲುವುದು ಒಂದೂವರೆ ಮೆಗಾಪಿಕ್ಸೆಲ್. ಅಂದರೆ 45 ಕೊಂಡು 43ಕ್ಕೂ ಹೆಚ್ಚನ್ನು ದಾರಿಯಲ್ಲೇ ಚೆಲ್ಲುವುದು. ಮೂಲ ಚಿತ್ರಗಳು ಹಾರ್ಡ್ ಡಿಸ್ಕಿನಲ್ಲಿ ತಲಾ 50 ಎಂಬಿ ಆಸುಪಾಸಿನ ರಾ ಫೈಲಾಗಿ ತೆರೆಯುವವರಿಲ್ಲದೆ ಬಿದ್ದಿರುತ್ತವೆ.

ಐದನೆಯದು ಬಾಧಿತ. ಬೇರೆ ಪ್ರಮಾಣದಿಂದ ಮೊದಲೇ ಸುಳ್ಳಾಗಿರುವ ಮಾತು ಇದು. “ಇದೇ ಕೊನೆಯ ಕ್ಯಾಮೆರಾ.” ಬೀರುವಿನ ಮೇಲಿನ ಖಾಲಿ ಪೆಟ್ಟಿಗೆಗಳೇ ಇದಕ್ಕೆ ಪ್ರತ್ಯಕ್ಷ ಬಾಧಕ. ಕಂಪನಿಗಳೂ ಸುಮ್ಮನಿರುವುದಿಲ್ಲ. ಡಿ850 ಬಂದದ್ದು 2017ರಲ್ಲಿ. ಮರುವರ್ಷವೇ ಅದೇ ನಿಕಾನ್ ಕನ್ನಡಿಯಿಲ್ಲದ ಜಡ್ 6, ಜಡ್ 7 ತಂದಿತು, ಕ್ಯಾನನ್ ಇಒಎಸ್ ಆರ್ ತಂದಿತು. ಸಾಧಕ ಡಿಎಸ್‌ಎಲ್‌ಆರ್ ಏಣಿಯ ಕೊನೆಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಏಣಿಯನ್ನೇ ಪಕ್ಕದ ಗೋಡೆಗೆ ಸಾಗಿಸಿದ್ದರು.

ಪ್ರಾಸಂಗಿಕ ಇತಿಹಾಸ

ಫುಲ್ ಫ್ರೇಮ್ ಎಂಬುದು ಏನೋ ಹೊಸ ದೈವವೆಂದು ಸಾಧಕರು ಕೈಮುಗಿಯುವುದುಂಟು. 36×24 ಮಿಲಿಮೀಟರ್ ಎಂಬುದು 35 ಎಂಎಂ ಫಿಲಂ ರೋಲಿನ ಒಂದು ಫ್ರೇಮಿನ ಅಳತೆ. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಾಗಿನಿಂದ ಅದೇ ರೂಢಿಗೆ ಬಿತ್ತು. ಪೆಂಟಾಕ್ಸ್ ಕೆ1000 ನೇತುಹಾಕಿಕೊಂಡು ಮದುವೆಗೆ ಬರುತ್ತಿದ್ದ ನಮ್ಮ ತಾಲ್ಲೂಕು ಕೇಂದ್ರದ ಫೋಟೋಗ್ರಾಫರ್ ಕೂಡ ಫುಲ್ ಫ್ರೇಮ್ ಒಡೆಯನೇ. ಯಾರೂ ಆತನನ್ನು ಹಾಗೆ ಹೊಗಳಲಿಲ್ಲ, ಊಟ ಹಾಕಿ ಕಳಿಸಿದರು. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳರೂ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರೂ ಹಕ್ಕಿ, ಪ್ರಾಣಿಗಳ ಹಿಂದೆ ಬಿದ್ದದ್ದು ಫಿಲಂ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರ. ತೊಳೆಸುವವರೆಗೆ ಏನು ಬಂತೆಂದು ಗೊತ್ತಾಗುತ್ತಿರಲಿಲ್ಲ. ಡಿ850 ಸೆಕೆಂಡಿಗೆ ಏಳು ಚಿತ್ರ ತೆಗೆಯುತ್ತದೆ. ಅವರು ದಿನವಿಡೀ ಕಾದು ಜೋಪಾನವಾಗಿ ಖರ್ಚು ಮಾಡುತ್ತಿದ್ದ ರೋಲನ್ನು ಸಾಧಕ ಒಂದು ಕಾಗೆಯ ಮೇಲೆ ಐದು ಸೆಕೆಂಡಿನಲ್ಲಿ ಮುಗಿಸಬಲ್ಲ.

ಸಿದ್ಧಾಂತ

ಹಾಗಾದರೆ ಉನ್ನತಿಯೇ ತಪ್ಪೇ? ಅಲ್ಲ. ಹಾಗೆಂದರೆ ಶಾಸ್ತ್ರಕ್ಕೆ ಪಕ್ಷಪಾತ ದೋಷ ಬರುತ್ತದೆ. ರಾತ್ರಿಯಿಡೀ ಯಕ್ಷಗಾನದ ಮುಂದೆ ಕೂತು ಫ್ಲಾಶ್ ಇಲ್ಲದೆ ವೇಷ ಹಿಡಿಯುವವರಿಗೆ, ಆಗುಂಬೆಯ ಮಳೆಯಲ್ಲಿ ಕಪ್ಪೆ ಹುಡುಕುವವರಿಗೆ, ಹಾರುವ ಹದ್ದಿನ ಕಣ್ಣಿಗೇ ಫೋಕಸ್ ಬೇಕೆನ್ನುವವರಿಗೆ ಮೇಲಿನ ಬಾಡಿ ನಿಜಕ್ಕೂ ಬೇಕು. ಡಿ3500ರಲ್ಲಿ ಫೋಕಸ್ ಬಿಂದು 11, ಡಿ850ರಲ್ಲಿ 153. ಅದರ ಮೈಗೆ ದೂಳು, ತುಂತುರು ತಡೆಯುವ ಸೀಲಿಂಗ್ ಇದೆ, ಚಿಕ್ಕದಕ್ಕೆ ಇಲ್ಲ. ಸೆನ್ಸರಿನ ವಿಸ್ತೀರ್ಣ ಸುಮಾರು 2.3 ಪಟ್ಟು ಹೆಚ್ಚಿರುವುದರಿಂದ ಮಬ್ಬು ಬೆಳಕಿನಲ್ಲಿ ನಾಯ್ಸ್ ಒಂದು ಸ್ಟಾಪಿಗಿಂತ ಸ್ವಲ್ಪ ಹೆಚ್ಚೇ ತಗ್ಗುತ್ತದೆ.

ಆದರೆ ಇದೇ ಲೆಕ್ಕವನ್ನು ಲೆನ್ಸಿನ ಕಡೆಯಿಂದಲೂ ಮಾಡಬೇಕು. ಕಿಟ್ ಲೆನ್ಸು 55ರ ತುದಿಯಲ್ಲಿ ತೆರೆಯುವುದು ಎಫ್ 5.6ರವರೆಗೆ ಮಾತ್ರ. ಅಂಗೈಯಗಲದ 50 ಎಂಎಂ ಎಫ್ 1.8 ಲೆನ್ಸು ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬಾಡಿ ಕೊಡುವುದು 2.3 ಪಟ್ಟು, ಲೆನ್ಸು ಕೊಡುವುದು ಹತ್ತು. ಬೆಲೆ ಬಾಡಿಯದರ ಸಣ್ಣ ಪಾಲು. ಅಂಗಡಿಯ ಗಾಜಿನ ಹಿಂದೆ ಬಾಡಿಯನ್ನೇ ಮುಂದಿನ ಸಾಲಿನಲ್ಲಿ ಏಕೆ ಇಡುತ್ತಾರೆಂಬುದಕ್ಕೆ ಬೇರೆ ಭಾಷ್ಯ ಬೇಕಿಲ್ಲ.

ಆದಕಾರಣ ಸೂತ್ರ ಇಷ್ಟೇ: ಹಳೆಯ ಕ್ಯಾಮೆರಾದಿಂದ ತೆಗೆಯಲಾಗದೆ ಹೋದ ಒಂದು ಚಿತ್ರವನ್ನು, ಏಕೆ ಆಗಲಿಲ್ಲವೆಂಬ ಕಾರಣ ಸಹಿತ, ಹೆಸರಿಸಬಲ್ಲವನೇ ಉನ್ನತಿಗೆ ಅರ್ಹ. ‘ಚೆನ್ನಾಗಿ ಬರ್ತಿಲ್ಲ’ ಎಂಬುದು ಕಾರಣವಲ್ಲ, ಗೊಣಗಾಟ.

ಫಲಶ್ರುತಿ

ಈ ಮೀಮಾಂಸೆಯನ್ನು ಕೊಳ್ಳುವ ಮೊದಲು ಓದಿದವರಿಗೆ ದುಡ್ಡು ಉಳಿಯುತ್ತದೆ. ಕೊಂಡ ಮೇಲೆ ಓದಿದವರಿಗೆ ಲೆನ್ಸಿನ ಚಿಂತೆ ಹತ್ತುತ್ತದೆ. ಮನೆಯೊಡತಿಯರು ಓದಿದರೆ ತಾರಸಿ ರಿಪೇರಿಯಾಗುತ್ತದೆ, ಚಕ್ಕುಲಿ ಡಬ್ಬಿ ಬಿಡುಗಡೆಯಾಗುವ ಸಂಭವವೂ ಉಂಟು. ಮೂವರಿಗೂ ಸಲ್ಲುವ ವಿಧಿ ಒಂದೇ: ಕೈಪಿಡಿಯ ಕವರ್ ಹರಿಯಿರಿ, ಡಯಲನ್ನು ಆಟೊದಿಂದ ಕದಲಿಸಿ, 50 ಎಂಎಂ ಒಂದು ಕೊಳ್ಳಿ, ಬೆಳಿಗ್ಗೆ ಆರಕ್ಕೆ ಕೆರೆಯ ಏರಿಯ ಮೇಲಿರಿ. ದೋಸೆ ಅಂಗಡಿ ಒಂಬತ್ತೂವರೆಗೂ ತೆರೆದೇ ಇರುತ್ತದೆ.