ನಡುವಯಸ್ಸಿನ ಸರಳೆ ವರಸೆ

ನಲವತ್ತು ದಾಟಿದ ಮೇಲೆ ಕರ್ನಾಟಕ ಸಂಗೀತ ಕಲಿಯಲು ಹೊರಡುವವರು ಸಾಮಾನ್ಯವಾಗಿ ವಿಜಯದಶಮಿಯಂದು ಪಾಠಕ್ಕೆ ಸೇರುತ್ತಾರೆ, ದೀಪಾವಳಿಗೆ ಊರಿಗೆ ಹೋಗುತ್ತಾರೆ. ರಜೆ ಮುಗಿದು ವಾಪಸು ಬಂದವರನ್ನಷ್ಟೇ ವಿದ್ಯಾರ್ಥಿಗಳೆಂದು ಎಣಿಸುವುದು ಮೇಷ್ಟ್ರುಗಳ ರೂಢಿ. ಸೇರುವಾಗ ಎಲ್ಲರ ಮನಸ್ಸಿನಲ್ಲೂ ತ್ಯಾಗರಾಜರ ಒಂದು ಕೀರ್ತನೆ ಇರುತ್ತದೆ. ಸಿಗುವುದು ಮಾತ್ರ ಸ ರಿ ಗ ಮ.

ಈ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ದಾಸರು ವ್ಯಾಪಾರ ಬಿಟ್ಟು ತಂಬೂರಿ ಹಿಡಿದ ಕಥೆ ನಡುವಯಸ್ಸಿನವರಿಗೆ ಬಹಳ ಧೈರ್ಯ ಕೊಡುತ್ತದೆ. ಅವರು ವ್ಯಾಪಾರ ಬಿಟ್ಟಿದ್ದರು, ಇವರು ಬಿಟ್ಟಿಲ್ಲ ಎಂಬ ವ್ಯತ್ಯಾಸ ಮೇಷ್ಟ್ರಿಗೆ ಮಾತ್ರ ಕಾಣುತ್ತದೆ.

ಮೊದಲ ಪಾಠಗಳ ರಾಗ ಮಾಯಾಮಾಳವಗೌಳ, 72 ಮೇಳಗಳಲ್ಲಿ 15ನೆಯದು. ಷಡ್ಜಕ್ಕೆ ಒತ್ತಿಕೊಂಡೇ ಶುದ್ಧ ರಿಷಭ. ಅಲ್ಲಿಂದ ಅಂತರ ಗಾಂಧಾರಕ್ಕೆ ದೊಡ್ಡ ಜಿಗಿತ. ಮೇಲೆ ಧೈವತ, ನಿಷಾದಗಳ ನಡುವೆ ಮತ್ತದೇ ಹಳ್ಳ. ಹತ್ತುವುದು ಹೇಗೋ ಆಗುತ್ತದೆ, ಕಷ್ಟ ಇರುವುದು ಇಳಿಯುವುದರಲ್ಲಿ. ಅವರೋಹಣದಲ್ಲಿ ಸ್ವರ ಒಂದೊಂದು ಕೂದಲೆಳೆ ಜಾರುತ್ತ ಬಂದು, ಕೊನೆಯ ಷಡ್ಜ ಶ್ರುತಿಪೆಟ್ಟಿಗೆಯ ಷಡ್ಜಕ್ಕಿಂತ ಕೆಳಗೆ, ಯಾರೂ ಕರೆಯದ ಜಾಗದಲ್ಲಿ ಹೋಗಿ ಕೂರುತ್ತದೆ. ಈ ನಡುವೆ ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತಿರಬೇಕು: ಏಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಏಟು, ಹುಸಿ, ಏಟು, ಹುಸಿ. ಲಕ್ಷಾಂತರ ರೂಪಾಯಿಯ ಲೆಕ್ಕವನ್ನು ಬಾಯಲ್ಲೇ ಮಾಡುವ ಬ್ಯಾಂಕ್ ಮ್ಯಾನೇಜರಿಗೆ ಎಂಟರವರೆಗಿನ ಈ ಎಣಿಕೆ ಕೂಡಿಬರುವುದಿಲ್ಲ. ವೇಗ ಹೆಚ್ಚುವ ಎರಡನೆಯ ಕಾಲದಲ್ಲಿ ಉಂಗುರಬೆರಳು ಕಾಣೆಯಾಗುತ್ತದೆ, ಮೂರನೆಯದರಲ್ಲಿ ಇಡೀ ಕೈ.

ಬಹುಪಾಲು ಜನ ಬಿಟ್ಟುಹೋಗುವುದು ಆರು ತಿಂಗಳ ಹೊತ್ತಿಗೆ, ಅದೂ ತಪ್ಪು ಕಾರಣಕ್ಕೆ. ಶುರುವಿನಲ್ಲಿ ತನ್ನ ಹಾಡು ತನಗೆ ಚೆನ್ನಾಗಿಯೇ ಕೇಳುತ್ತದೆ. ಬಚ್ಚಲುಮನೆಯ ಗೋಡೆಗಳೂ ಹೌದು ಎನ್ನುತ್ತವೆ. ದಿನಾ ಶ್ರುತಿಯ ಜೊತೆ ಕೂತರೆ ಮೊದಲು ತಿದ್ದಿಕೊಳ್ಳುವುದು ಕಿವಿ, ಗಂಟಲು ಬಹಳ ನಿಧಾನ. ಹೀಗಾಗಿ ಮೊನ್ನೆವರೆಗೂ ಕೇಳಿಸದಿದ್ದ ಅಪಸ್ವರ ಇವತ್ತು ಕಿವಿಗೆ ಚುಚ್ಚುತ್ತದೆ. ವಿದ್ಯಾರ್ಥಿ ತಾನು ಹಿಂದೆ ಬಿದ್ದೆನೆಂದು ಕೊರಗುತ್ತಾನೆ. ಮುಂದೆ ಹೋಗಿರುವುದರ ಗುರುತೇ ಅದು. ಮನೆಯವರಿಗೆ ಅಪಸ್ವರದ ಸಂಗತಿ ಮೊದಲ ದಿನವೇ ಗೊತ್ತಿತ್ತು, ಅವರ ಕಿವಿ ತಯಾರಾಗಿಯೇ ಇತ್ತು.

ಕೊರಗಿನ ಕಾಲದಲ್ಲಿ ಉಪಚಾರಗಳು ಹೆಚ್ಚುತ್ತವೆ. ಕಲ್ಲುಸಕ್ಕರೆ, ಕಾಳುಮೆಣಸು, ಶುಂಠಿ, ಅತಿಮಧುರದ ಚೂರು ಎಲ್ಲವೂ ಬಾಯಿಗೆ ಬೀಳುತ್ತವೆ. ಬೆಳಗಿನ ಸಾಧಕವೊಂದು ಬಿಟ್ಟು. ಮಾರ್ಚಿಗೆ ಆಡಿಟ್, ಮೇ ತಿಂಗಳಿಗೆ ಮದುವೆಗಳು. ಆಷಾಢದಲ್ಲಿ ಏನೂ ಕೆಲಸವಿಲ್ಲ, ಆದರೆ ಆಷಾಢ. ಇಷ್ಟಾದರೂ ಕೆಲವರು ಮತ್ತೆ ಬರುತ್ತಾರೆ, ‘ಗಂಟಲು ಕಟ್ಟಿತ್ತು ಸಾರ್’ ಎನ್ನುತ್ತಾ. ಮೇಷ್ಟ್ರು ಕಾರಣ ಕೇಳದೆ ಮೊದಲ ವರಸೆಯಿಂದ ಮತ್ತೆ ಶುರು ಮಾಡಿಸುತ್ತಾರೆ. ಬಿಟ್ಟು ಬಂದವನಿಗೆ ಅದು ಮೊದಲ ಸಲದಷ್ಟು ಹೊತ್ತು ಹಿಡಿಯುವುದಿಲ್ಲ. ಈ ವಿದ್ಯೆಯಲ್ಲಿ ಹಳೇ ಬಾಕಿ ಪೂರ್ತಿ ಮುಳುಗಿಹೋಗುವುದು ಅಪರೂಪ.

ಮುಂದೆ ಜಂಟಿ ವರಸೆ, ಅಲಂಕಾರ, ಮಲಹರಿಯ ಪಿಳ್ಳಾರಿ ಗೀತೆ. ಇಷ್ಟರಲ್ಲಿ ಜೊತೆಗೆ ಸೇರಿದ್ದ ಎಂಟು ವರ್ಷದ ಹುಡುಗಿ ವರ್ಣಕ್ಕೆ ಹೋಗಿರುತ್ತಾಳೆ. ‘ಅಂಕಲ್, ಗಾಂಧಾರ ತಗ್ಗಿತು’ ಎಂದು ಅವಳೇ ಹೇಳುತ್ತಾಳೆ. ಅದನ್ನು ನುಂಗಿಕೊಳ್ಳುವುದು ಪಾಠದ ಪಟ್ಟಿಯಲ್ಲಿಲ್ಲದ ಸಾಧಕ, ಗಾಂಧಾರಕ್ಕಿಂತ ಕಷ್ಟದ್ದು.

ಪಟ್ಟು ಬಿಡದವರು ಕೊನೆಗೆ ಜೂನಿಯರ್ ಪರೀಕ್ಷೆಗೆ ಅರ್ಜಿ ತುಂಬುತ್ತಾರೆ. ಪರೀಕ್ಷೆಯ ದಿನ ಲಂಗ ದಾವಣಿ, ಪುಟ್ಟ ಜುಬ್ಬಾಗಳ ಸಾಲಿನಲ್ಲಿ ನರೆತ ತಲೆಯೊಂದು ನಿಂತಿದ್ದರೆ ಬಾಗಿಲಲ್ಲಿರುವವರು ‘ಪೋಷಕರೆಲ್ಲ ಹೊರಗೆ ಕೂತ್ಕೊಳ್ಳಿ’ ಎನ್ನುವುದುಂಟು. ಅಂಥವರು ಜೇಬಿನಿಂದ ಪ್ರವೇಶಪತ್ರ ತೆಗೆದು ತೋರಿಸಬೇಕಾಗುತ್ತದೆ. ಪಾಸಾದವರಿಗೆ ಮುಂದೆ ಸೀನಿಯರ್, ಆಮೇಲೆ ವಿದ್ವತ್. ನಪಾಸಾದವರಿಗೂ ಮುಂದಿನ ಸಲದ ಅರ್ಜಿ ಇದೆ, ಅದರಲ್ಲಿ ಗರಿಷ್ಠ ವಯಸ್ಸಿನ ಮಾತಿಲ್ಲ.